ಆರು ತಿಂಗಳ ಲೆಕ್ಕ

ಬೆಳಗಿನ ಮಂಗಳೂರು ರೈಲು. ನಾನು ಕಾಸರಗೋಡಿನಲ್ಲಿ ಹತ್ತಿದರೆ ಅಕ್ಕ ಕುಂಬಳೆಯಲ್ಲಿ. ಇಂದು ಕುಳಿತವರೇ ಬುತ್ತಿಯ ಚೀಲದಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಕೈಗಿತ್ತರು. ಕಂಪನಿಯ ವಾರ್ಷಿಕ ಮೌಲ್ಯಮಾಪನ. ಅಂಚಿನಲ್ಲಿ ಅರಸಿನದ ಕಲೆ.

ಕೆಲಸದ ಗುಣಮಟ್ಟ ಅತ್ಯುತ್ತಮ. ಬಡ್ತಿ ಮಾತ್ರ ಮುಂದಿನ ವರ್ಷಕ್ಕೆ. ಕಾರಣ ಒಂದೇ ಸಾಲು: "ಆರು ತಿಂಗಳು ಲಭ್ಯರಿರಲಿಲ್ಲ."

ಅದು ಹೆರಿಗೆ ರಜೆ! ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಈ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಕಾನೂನು ಕೊಟ್ಟ ರಜೆಯನ್ನು ಬಡ್ತಿಯ ಲೆಕ್ಕದಲ್ಲಿ ಕಳೆಯುವುದು ಯಾವ ನ್ಯಾಯ? ನನ್ನ ಸಿಟ್ಟು ಈಗಲೂ ಇಳಿದಿಲ್ಲ.

"ಲಭ್ಯರಿರಲಿಲ್ಲ" ಎಂಬಲ್ಲಿ ಅಕ್ಕ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಎರಡೆರಡು ಬಾರಿ. ಆ ರಜೆಯಲ್ಲೇ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹೊಸದಾಗಿ ಸೇರಿದ ಹುಡುಗನಿಗೆ ಫೋನಿನಲ್ಲಿ ಕೆಲಸ ಕಲಿಸಿದವರು ಇವರು. ಅವನಿಗೆ ಬಡ್ತಿ ಸಿಕ್ಕಿದೆ.

"ಉತ್ತರ ಬರೆಯಬೇಕು. ನೀನು ಸ್ವಲ್ಪ ತಿದ್ದಿಕೊಡುತ್ತೀಯಾ?" ಎಂದರು.

ನೇತ್ರಾವತಿ ಸೇತುವೆ ಬರುವಷ್ಟರಲ್ಲಿ ಮೊದಲ ಸಾಲು ಬರೆದಾಗಿತ್ತು.