ಹಿಕ್ಕೆ ನೋಡಿದೆ, ಉಚ್ಚೆ ಕೇಳಲಿಲ್ಲ

ನಮ್ಮ ಪೆಟ್ ಕ್ಲಿನಿಕ್‌ನ ಸಾಫ್ಟ್‌ವೇರ್‌ನಲ್ಲಿ ನಾಯಿ, ಬೆಕ್ಕು, ಹಕ್ಕಿ, ಇತರೆ ಅಂತ ನಾಲ್ಕೇ ಬಟನ್. ಚಿಂಟು 'ಇತರೆ'. ಬ್ಲ್ಯಾಕ್ ಬೆಂಗಾಲ್ ತಳಿಯ ಕುಳ್ಳ ಹೋತ, 18 ಕೆಜಿ. 2 ತಿಂಗಳ ಮರಿಯಿದ್ದಾಗಲೇ ಬೀಜ ಒಡೆಸಿ ಮನೆಯೊಳಗೇ ಸಾಕಿದ್ದರು. ಮಲಗುವುದು ಸೋಫಾ ಮೇಲೆ.

"ಡಾಕ್ಟ್ರೇ, ರಾತ್ರಿಯಿಂದ ತಿಣುಕ್ತಾನೆ, ಕಕ್ಕ ಬರ್ತಿಲ್ಲ" ಅಂದರು ಅವನನ್ನು ಸಾಕಿದ ಅಮ್ಮ. ಹೊರಗೆ ಆರು ನಾಯಿ ಕಾಯುತ್ತಿದ್ದವು. ಒಂದು ಕೇಸಿಗೆ 15 ನಿಮಿಷ ಅಂತ ಮ್ಯಾನೇಜ್‌ಮೆಂಟ್ ಕಟ್ಟಪ್ಪಣೆ ಬೇರೆ. ಟೆಂಪರೇಚರ್ 102.8, ಮೇಕೆಗೆ ಅದು ನಾರ್ಮಲ್. ಮಲ ಸಡಿಲವಾಗಲಿ ಅಂತ ಲಿಕ್ವಿಡ್ ಪ್ಯಾರಾಫಿನ್ ಕುಡಿಸಿ ಕಳಿಸಿದೆ. ಟೇಬಲ್ ಮೇಲೆ ನಾಲ್ಕು ಹಿಕ್ಕೆ ಉದುರಿದ್ದವು, ದುಂಡಗೆ, ಚೆನ್ನಾಗಿಯೇ. ನೋಡಿದೆ. ಒರೆಸಿಯೂ ಹಾಕಿದೆ. ತಲೆಗೆ ಮಾತ್ರ ಹೋಗಲಿಲ್ಲ.

ಸಂಜೆ ಎತ್ತಿಕೊಂಡು ಬಂದರು. ಚಿಂಟು ಹಲ್ಲು ಕಡಿಯುತ್ತಿದ್ದ. ಹಳ್ಳಿ ಪಶು ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದ ಸೀನಿಯರ್ ಮೇಡಂ ಬಾಗಿಲಲ್ಲೇ ನಿಂತು ಕೇಳಿದರು: "ಉಚ್ಚೆ ಯಾವಾಗ ಹೊಯ್ದ?" ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದರು.

ಸ್ಕ್ಯಾನ್ ಇಟ್ಟರೆ ಉಚ್ಚೆ ಕಟ್ಟಿ ಬ್ಲ್ಯಾಡರ್ ಬಲೂನು. ಸೆಡೇಶನ್ ಕೊಟ್ಟು ಕುಂಡಿ ಮೇಲೆ ಕೂರಿಸಿದೆವು. ಅಟೆಂಡರ್ ಹಿಂದಿನಿಂದ ತಬ್ಬಿ ಹಿಡಿದ. ಶಿಶ್ನ ಹೊರಗೆ ತರುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಗ್ಲೌಸ್ ಜಾರುತ್ತಿತ್ತು. ಹೋತಕ್ಕೆ ಅದರ ತುದಿಯಲ್ಲಿ ಹುಳದಂಥ ಸಣ್ಣ ಬಾಲ ಇರುತ್ತದಲ್ಲ, ಅದು ನೇರಳೆಗೆ ತಿರುಗಿತ್ತು. ಮುಟ್ಟಿದರೆ ಒಳಗೆ ಮರಳು ಗರಗರ. ಮೇಡಂ ಕತ್ತರಿ ನನ್ನ ಕೈಗೇ ಕೊಟ್ಟರು. ಆ ಬಾಲ ಕತ್ತರಿಸಿದೆ. ಏನೂ ಬರಲಿಲ್ಲ. ಕಲ್ಲು ಇನ್ನೂ ಮೇಲೆ ಸಿಕ್ಕಿಕೊಂಡಿದ್ದರೆ? ಅಷ್ಟರಲ್ಲಿ ಬ್ಲ್ಯಾಡರ್ ಒಡೆದರೆ? ಯಾರೂ ಮಾತಾಡಲಿಲ್ಲ. ಆಮೇಲೆ ಒಂದು ಹನಿ, ಕೆಂಪಗೆ. ಆಮೇಲೆ ಅಟೆಂಡರ್ ಪ್ಯಾಂಟ್ ಪೂರ್ತಿ ಒದ್ದೆ. ಅವನು ನಕ್ಕಿದ್ದು ನೋಡಿ ನನಗೆ ಅಳು ಬಂತು.

ದಿನಾ ಏನು ಹಾಕ್ತೀರಿ ಅಂದರೆ ಅನ್ನ, ಬಿಸ್ಕತ್ತು, ಎರಡು ಹೊತ್ತು ಗೋಧಿ ಬೂಸಾ. ಬೂಸಾದಲ್ಲಿ ಫಾಸ್ಫರಸ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಕಲ್ಲು ಕಟ್ಟದೆ ಇನ್ನೇನು? ಎಳೆಯದರಲ್ಲೇ ಬೀಜ ಒಡೆದರೆ ಮೂತ್ರನಾಳವೂ ಸಣ್ಣಗೇ ಉಳಿಯುತ್ತದೆ. ಮಾಂಸಕ್ಕೆ ಬೆಳೆಸುವ ಹೋತ ಹೆಚ್ಚು ವರ್ಷ ಇರುವುದೇ ಇಲ್ಲ, ಮುದ್ದಿಗೆ ಸಾಕಿದ್ದು ಇರುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಫೈನಲ್ ಇಯರ್‌ನಲ್ಲಿ ಇದೇ ಪ್ರಶ್ನೆಗೆ ಹತ್ತಕ್ಕೆ ಒಂಬತ್ತು ಬಂದಿತ್ತು.

ಈಗ ಚಿಂಟುಗೆ ಒಣಹುಲ್ಲು, ಸೊಪ್ಪು, ಬೇಕಾದಷ್ಟು ನೀರು. ಕಲ್ಲು ಮತ್ತೆ ಕಟ್ಟಬಹುದು ಅಂತ ಅಮ್ಮನಿಗೆ ಹೇಳಿದ್ದೇನೆ. ಅವನ ಫೈಲ್‌ನಲ್ಲಿ ಬೆಳಗಿನ ಡಯಾಗ್ನೋಸಿಸ್ ಇನ್ನೂ 'ಮಲಬದ್ಧತೆ' ಅಂತಲೇ ಇದೆ. ತಿದ್ದಲು ಮ್ಯಾನೇಜರ್ ಅಪ್ರೂವಲ್ ಬೇಕಂತೆ. ಮೂರು ಮೇಲ್ ಹಾಕಿ ಆಯಿತು.