ಫೋನಿನಲ್ಲಿ ಕೂಗಾಡಿ ಏನು ಕಡಿದು ಕಟ್ಟೆ ಹಾಕಿದರು?

ನಾನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಾಸವಾಗಿದ್ದೇನೆ ಎಂಬ ಒಂದೇ ಕಾರಣಕ್ಕೆ, ಅಮೆರಿಕದ ರಾಜಕೀಯದಲ್ಲಿ ಯಾರು ಏನು ಮಾಡಿದರೂ ಅದಕ್ಕೆ ಸಮಜಾಯಿಷಿ ಕೊಡುವ ಹೊಣೆ ನನ್ನದೆಂದು ನಮ್ಮ ಬಂಧುಬಳಗ ತೀರ್ಮಾನಿಸಿಬಿಟ್ಟಿದೆ. ಭಾನುವಾರ ಫೋನ್ ಮಾಡುವ ದಾವಣಗೆರೆಯ ಚಿಕ್ಕಪ್ಪ, ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಅಡ್ಡ ನಿಲ್ಲುವ ಹಿರಿಯರು, ಹತ್ತು ವರ್ಷ ಸುದ್ದಿಯೇ ಇಲ್ಲದೆ ಥಟ್ಟನೆ ವಾಟ್ಸ್ಆ್ಯಪ್‌ನಲ್ಲಿ ಪ್ರತ್ಯಕ್ಷರಾಗುವ ಸಹಪಾಠಿಗಳು, ಎಲ್ಲರೂ ಇಲ್ಲಿನ ಎಡಪಂಥೀಯ ಯುವ ಚಳವಳಿಗಾರರ ಬಗ್ಗೆ ಕೇಳುವುದು ಒಂದನ್ನೇ: “ಅಲ್ಲಾ, ಆ ಹುಡುಗರು ಫೋನಲ್ಲಿ ಕೂಗಾಡಿ ಏನ್ ಕಡಿದು ಕಟ್ಟೆ ಹಾಕಿದ್ರು? ಅವರಿಗೆಲ್ಲ ದುಡ್ಡು ಕೊಡೋರು ಯಾರು?” ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದದೆ ಮತ್ತೆ ಕೇಳಿದವರ ಕರೆಯನ್ನು ಎತ್ತುವುದಿಲ್ಲ.

ಮೊದಲು ‘ಹುಡುಗರು’ ಎಂಬ ಮಾತನ್ನು ಮುಗಿಸಿಬಿಡೋಣ. ಇವರು ಮೆಚ್ಚಿ ಮೆರೆಸಿದ ನಾಯಕರಲ್ಲಿ ಬರ್ನಿ ಸ್ಯಾಂಡರ್ಸ್ ಹುಟ್ಟಿದ್ದು 1941ರಲ್ಲಿ. 2020ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ ಮಾರ್ಕಿಯ ಎದುರು ಕೆನಡಿ ಮನೆತನದ ಮೊಮ್ಮಗನೊಬ್ಬ ಪ್ರಾಥಮಿಕ ಚುನಾವಣೆಗೆ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಗೆ, ನಿಂತಾಗ, ಓಟಿನ ವಯಸ್ಸೂ ಆಗಿರದ ಮಕ್ಕಳು ಟ್ವಿಟ್ಟರ್‌ನಲ್ಲಿ ಪಟ್ಟು ಹಿಡಿದು ಪ್ರಚಾರ ಮಾಡಿದ್ದು 39ರ ಕೆನಡಿಗಲ್ಲ, ಹಳೆಯ ಬೂಟು ತೊಟ್ಟು ಓಡಾಡುತ್ತಿದ್ದ 74ರ ಮಾರ್ಕಿಗೆ. ಮಾರ್ಕಿ ಗೆದ್ದರು, ಮ್ಯಾಸಚೂಸೆಟ್ಸ್‌ನಲ್ಲಿ ಕೆನಡಿಯೊಬ್ಬ ಚುನಾವಣೆ ಸೋತದ್ದು ಅದೇ ಮೊದಲು. ಆ ಮಕ್ಕಳು ನೋಡಿದ್ದು ಹವಾಮಾನದ ನಿರ್ಣಯವನ್ನು ಸೆನೆಟ್‌ನಲ್ಲಿ ಮಂಡಿಸಿದವರು ಯಾರು ಎಂಬುದನ್ನು; ಮುಖವನ್ನೂ ಮನೆತನವನ್ನೂ ಅಲ್ಲ. ನಮ್ಮಲ್ಲಿ ಅಪ್ಪನ ಕ್ಷೇತ್ರಕ್ಕೆ ಮಗ ನಿಂತರೆ ಅದು ಸಹಜ, ಇವರದು ಮಾತ್ರ ಹುಡುಗಾಟಿಕೆ!

ಇನ್ನು ‘ಫೋನಲ್ಲಿ ಕೂಗಾಟ’. ಇದರಲ್ಲಿ ಸತ್ಯವಿದೆ, ನಾನು ಯಾರ ವಕಾಲತ್ತನ್ನೂ ವಹಿಸಿಕೊಂಡಿಲ್ಲ. 2020ರ ಜೂನ್ 2ರಂದು, ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಹತ್ಯೆಯಾಗಿ ಒಂದು ವಾರವಾಗಿದ್ದಾಗ, ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ಕೋಟಿಗೂ ಹೆಚ್ಚು ಜನ ಬರಿಯ ಕಪ್ಪು ಚೌಕವೊಂದನ್ನು ಹಾಕಿ ತಮ್ಮ ಕರ್ತವ್ಯ ಮುಗಿಯಿತೆಂದುಕೊಂಡರು. ಅವರಲ್ಲಿ ಅನೇಕರು ಅದಕ್ಕೆ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಚಳವಳಿಯ ಹ್ಯಾಷ್‌ಟ್ಯಾಗನ್ನೂ ಅಂಟಿಸಿದ್ದರಿಂದ, ಮೆರವಣಿಗೆ ಎಲ್ಲಿ ಸೇರುತ್ತದೆ, ಬಂಧಿತರ ಜಾಮೀನಿಗೆ ಹಣ ಎಲ್ಲಿ ಕೊಡಬೇಕು ಎಂಬ ನಿಜವಾದ ಮಾಹಿತಿ ಆ ಕತ್ತಲೆಯಡಿ ಹೂತುಹೋಯಿತು. ದಯವಿಟ್ಟು ನಿಲ್ಲಿಸಿ ಎಂದು ಸಂಘಟಕರೇ ಬೇಡಿಕೊಳ್ಳಬೇಕಾಯಿತು. ಅದೇ ತಿಂಗಳು ಟಲ್ಸಾದಲ್ಲಿ ನಡೆದ ಟ್ರಂಪ್ ಸಭೆಗೆ ಟಿಕ್‌ಟಾಕ್‌ನ ಮಕ್ಕಳು ಸುಳ್ಳು ಟಿಕೆಟ್ ಕಾದಿರಿಸಿದರೆಂದು ಜಗತ್ತೇ ಚಪ್ಪಾಳೆ ತಟ್ಟಿತು. ಹತ್ತು ಲಕ್ಷ ಟಿಕೆಟ್‌ಗೆ ಬೇಡಿಕೆ ಬಂದಿದೆ ಎಂದು ಜಂಬ ಕೊಚ್ಚಿಕೊಂಡಿದ್ದ ಪ್ರಚಾರ ತಂಡಕ್ಕೆ, 19,000 ಆಸನಗಳ ಸಭಾಂಗಣದಲ್ಲಿ ಅಗ್ನಿಶಾಮಕ ದಳದ ಲೆಕ್ಕದಂತೆ ಸೇರಿದ್ದು ಸುಮಾರು 6,200 ಮಂದಿ ಎಂದು ಕೇಳಿದಾಗ ಮುಖಭಂಗವಾದದ್ದು ನಿಜ. ಆದರೆ ಅಲ್ಲಿ ಮೊದಲು ಬಂದವರಿಗೆ ಮೊದಲು ಪ್ರವೇಶವಿದ್ದುದರಿಂದ, ಸುಳ್ಳು ಟಿಕೆಟ್ಟಿನಿಂದ ಒಂದು ಕುರ್ಚಿಯೂ ಖಾಲಿಯಾಗುವಂತಿರಲಿಲ್ಲ. ಖಾಲಿ ಉಳಿಸಿದ್ದರಲ್ಲಿ ಕೋವಿಡ್ ಭಯದ ಪಾಲೂ ಇತ್ತು.

ಹಾಗಾದರೆ ನಾವು ಹೇಳುವುದೇ ಸರಿಯಾಯಿತಲ್ಲ ಎನ್ನುವವರು ನನ್ನ ಮನೆ ಬಾಗಿಲಿಗೆ ಬಂದ ಹುಡುಗಿಯ ವಿಷಯ ಕೇಳಬೇಕು.

2025ರ ಜೂನ್ ಸೆಖೆಯಲ್ಲಿ, ಮೇಯರ್ ಸ್ಥಾನದ ಪ್ರಾಥಮಿಕ ಚುನಾವಣೆಗೆ ಕೆಲವೇ ದಿನಗಳಿರುವಾಗ, ಕಾಲೇಜು ಓದುವ ವಯಸ್ಸಿನವಳೊಬ್ಬಳು ಲಿಫ್ಟ್ ಇಲ್ಲದ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಗೆ ಏರಿ ಬಂದು, ನನ್ನ ಹೆಸರನ್ನು ಸಾಧ್ಯವಿದ್ದಷ್ಟು ಕೆಡಿಸಿ ಕೂಗಿದಳು. ಫೋನಿಗೆ ವೈರಿನಿಂದ ಒಂದು ಪವರ್‌ಬ್ಯಾಂಕ್ ನೇತಾಡುತ್ತಿತ್ತು. ಪರದೆಯ ಮೇಲೆ ನಮ್ಮ ಕಟ್ಟಡದ ಬಾಗಿಲುಗಳ ಪಟ್ಟಿ. ಪ್ರತಿ ಹೆಸರಿನ ಮುಂದೆ ‘ಮನೆಯಲ್ಲಿಲ್ಲ’, ‘ಮನೆ ಬದಲಿಸಿದ್ದಾರೆ’, ‘ಮಾತಾಡಲು ಒಪ್ಪಲಿಲ್ಲ’ ಎಂದು ಒತ್ತುವ ಜಾಗ. ನಮ್ಮ ಮಹಡಿಯಲ್ಲಿ ‘ಮನೆಯಲ್ಲಿಲ್ಲ’ ಎಂದೇ ಹೆಚ್ಚು ಒತ್ತಿದ್ದಳು. ಬಾಡಿಗೆ ಏರಿಕೆಗೆ ತಡೆ, ಪುಕ್ಕಟೆ ಬಸ್ಸು, ಮಕ್ಕಳ ಪಾಲನಾ ಕೇಂದ್ರ ಎಂದು ಬಾಯಿಪಾಠ ಒಪ್ಪಿಸಿದ ಮೇಲೆ, ಮತಪತ್ರದಲ್ಲಿ ಐದು ಹೆಸರುಗಳವರೆಗೆ ಆದ್ಯತೆಯ ಕ್ರಮದಲ್ಲಿ ಗುರುತಿಸಬಹುದೆಂದು ವಿವರಿಸಿದಳು. ನಾನು ಮೊದಲೇ ನಿರ್ಧರಿಸಿದ್ದೇನೆ ಎಂದರೂ ಬಿಡದೆ, ಯಾವ ದಿನ, ಯಾವ ಹೊತ್ತಿಗೆ ಹೋಗುತ್ತೀರಿ ಎಂದು ಕೇಳಿ ಬರೆದುಕೊಂಡಳು. ನೀರು ಕೊಟ್ಟು, ಇಲ್ಲಿಗೆ ಹೇಗೆ ಬಂದೆ ಎಂದೆ. ವಿಡಿಯೊ ನೋಡಿದಳಂತೆ. ಅದರ ಕೆಳಗಿದ್ದ ಕೊಂಡಿ ಒತ್ತಿ, ಬಿಡುವಿನ ದಿನ ಆರಿಸಿದಳಂತೆ. ಉದ್ಯಾನವೊಂದರಲ್ಲಿ ಅರ್ಧ ಗಂಟೆ ತರಬೇತಿ ಕೊಟ್ಟು, ಪಟ್ಟಿಯನ್ನು ಕೈಗಿತ್ತು ಕಳಿಸಿದರಂತೆ.

ನಿಮ್ಮ ಪ್ರಶ್ನೆಗೆ ಉತ್ತರ ಆ ‘ಅಂತೆ’ಗಳಲ್ಲಿದೆ. ಅವಳು ಯಾರ ಪರವಾಗಿ ಬಂದಿದ್ದಳೋ ಆ ಮೇಯರ್ ಅಭ್ಯರ್ಥಿ ಜೊಹ್ರಾನ್ ಮಮ್ದಾನಿ 2024ರ ನವೆಂಬರ್‌ನಲ್ಲಿ ನಮ್ಮ ಹಿಲ್‌ಸೈಡ್ ಅವೆನ್ಯೂನಲ್ಲಿಯೂ ಬ್ರಾಂಕ್ಸ್‌ನ ಫೋರ್ಡ್‌ಹಮ್ ರಸ್ತೆಯಲ್ಲಿಯೂ ಮೈಕ್ ಹಿಡಿದು ನಿಂತು, ಟ್ರಂಪ್‌ಗೆ ಓಟು ಹಾಕಿದವರನ್ನೂ ಓಟನ್ನೇ ಹಾಕದವರನ್ನೂ ಯಾಕೆಂದು ಕೇಳಿ, ಉಪದೇಶ ಮಾಡದೆ ಆಲಿಸಿದ ವಿಡಿಯೊ ಎಲ್ಲೆಡೆ ಹರಿದಾಡಿತು. ಹರಿದಾಡಿದ್ದರಿಂದ ಅವರು ಗೆಲ್ಲಲಿಲ್ಲ. ನೋಡಿದವರಲ್ಲಿ ಒಂದು ಭಾಗವನ್ನು ಮೆಟ್ಟಿಲು ಹತ್ತಿಸುವ ಏರ್ಪಾಡು ವಿಡಿಯೊದ ಹಿಂದೆ ಸಿದ್ಧವಿತ್ತು, ಗೆದ್ದದ್ದು ಅದರಿಂದ. 2025ರ ನವೆಂಬರ್ 4ರ ಮೇಯರ್ ಚುನಾವಣೆಯ ಹೊತ್ತಿಗೆ ಅವರ ಬಳಗದ ಲೆಕ್ಕದ ಪ್ರಕಾರ ಸ್ವಯಂಸೇವಕರ ಸಂಖ್ಯೆ ಲಕ್ಷ ದಾಟಿತ್ತು. ಆ ದಿನ 20 ಲಕ್ಷಕ್ಕೂ ಹೆಚ್ಚು ಜನ ಓಟು ಹಾಕಿದರು. ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ 1969ರ ನಂತರ ಅಷ್ಟು ಮತದಾನವಾಗಿರಲಿಲ್ಲ. ಕಪ್ಪು ಚೌಕ ಹಾಕಿದವರಿಗೆ ಮುಂದೆ ಒತ್ತಲು ಏನೂ ಇರಲಿಲ್ಲ.

ಹಾಗೆಂದು ಏರ್ಪಾಡು ಇದ್ದ ಕಡೆಯೆಲ್ಲ ಗೆಲುವೇ ಎಂದಲ್ಲ. ಹವಾಮಾನಕ್ಕಾಗಿ ಹೋರಾಡುವ ಸನ್‌ರೈಸ್ ಚಳವಳಿಯ ಯುವಜನರು 2018ರ ನವೆಂಬರ್‌ನಲ್ಲಿ ಡೆಮಾಕ್ರಾಟರ ನಾಯಕಿ ನ್ಯಾನ್ಸಿ ಪೆಲೋಸಿಯವರ ಕಚೇರಿಯಲ್ಲಿ ಧರಣಿ ಕೂತು ಬಂಧನಕ್ಕೊಳಗಾದರು. ಅವರು ಬೇಡಿದ ಗ್ರೀನ್ ನ್ಯೂ ಡೀಲ್ ಎಂಬ ಹವಾಮಾನ ನಿರ್ಣಯ ಮುಂದಿನ ಮಾರ್ಚ್‌ನಲ್ಲಿ ಸೆನೆಟ್‌ಗೆ ಬಂದಾಗ ಪರವಾಗಿ ಬಿದ್ದದ್ದು ಸೊನ್ನೆ ಮತ, ವಿರುದ್ಧ 57. ಉಳಿದ ಡೆಮಾಕ್ರಾಟರು ಹಾಜರಿ ಹಾಕಿ ಸುಮ್ಮನಾದರು. ಆದರೂ 2022ರಲ್ಲಿ ಬೈಡನ್ ಸಹಿ ಹಾಕಿದ ಕಾಯಿದೆಯಲ್ಲಿ ಹವಾಮಾನ ಮತ್ತು ಇಂಧನಕ್ಕೆ ಸುಮಾರು 36,900 ಕೋಟಿ ಡಾಲರ್ ಇತ್ತು. ಅದರ ದೊಡ್ಡ ಪಾಲನ್ನು 2025ರ ಜುಲೈನಲ್ಲಿ ಟ್ರಂಪ್ ಸರ್ಕಾರ ಕಿತ್ತುಹಾಕಿತು. ಕಟ್ಟೆ ಹಾಕಿದರೋ ಇಲ್ಲವೋ ನೀವೇ ಹೇಳಿ. ಹಾಕಿದ್ದನ್ನು ಒಡೆಯುವುದಕ್ಕಂತೂ ಒಂದು ಸರ್ಕಾರವೇ ಬೇಕಾಯಿತು.

ಬೆಳಗಾವಿಯ ಬಂಧುಗಳಿಗೆ ಒಂದು ಮಾತು. ನಿಮ್ಮೂರಿನಲ್ಲಿ ಬೆಳೆದು ಮಿಷಿಗನ್‌ನಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಶ್ರೀ ಥಾಣೇದಾರ್ ಅವರ ಎದುರು ಡೆಟ್ರಾಯಿಟ್‌ನ ಯುವ ಶಾಸಕರೊಬ್ಬರಿಗೆ 2025ರಲ್ಲಿ ಬೆಂಬಲ ಘೋಷಿಸಿದ್ದು ಜಸ್ಟಿಸ್ ಡೆಮಾಕ್ರಾಟ್ಸ್, ಅಂದರೆ 2018ರಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್ ಅವರನ್ನು ಸಂಸತ್ತಿಗೆ ಗೆಲ್ಲಿಸಿದ ಎಡಪಂಥೀಯ ಬಳಗ. ‘ನಮ್ಮವರು’ ಎಂಬ ಕಾರಣಕ್ಕೆ ಇವರು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನನಗೆ ಇವರಲ್ಲಿ ಹಿಡಿಸುವ ಗುಣವೂ ಅದೇ, ಕೆಲವೊಮ್ಮೆ ರೇಗಿಸುವ ಗುಣವೂ ಅದೇ.

ದುಡ್ಡು ಕೊಡುವವರು ಯಾರು? ನಾನು. ನ್ಯೂಯಾರ್ಕ್ ನಗರದಲ್ಲಿ ನಿವಾಸಿಯೊಬ್ಬರು ಅಭ್ಯರ್ಥಿಗೆ 10 ಡಾಲರ್ ಕೊಟ್ಟರೆ, ನಿಯಮಗಳಿಗೆ ಒಪ್ಪಿದ ಅಭ್ಯರ್ಥಿಗೆ ನಗರದ ಬೊಕ್ಕಸ ಅದರ ಎಂಟು ಪಟ್ಟು, ಅಂದರೆ 80 ಡಾಲರ್ ಸೇರಿಸುತ್ತದೆ. ಆ ಬೊಕ್ಕಸಕ್ಕೆ ತೆರಿಗೆ ಕಟ್ಟುವವಳು ನಾನು. ವಿದೇಶಿ ಕೈವಾಡ ಹುಡುಕುವವರಿಗೆ ನಿರಾಸೆಯಾಗಿದ್ದರೆ ವಿಷಾದವಿದೆ.

ಯಾರು ಕೊಡುತ್ತಾರೆ ಎಂಬುದಕ್ಕಿಂತ ಇವರು ಏನು ತೆರುತ್ತಾರೆ ಎಂದು ಯಾರಾದರೂ ಒಮ್ಮೆ ಕೇಳಿದ್ದರೆ ನಾನು ಖುಷಿಯಿಂದ ಗಂಟೆಗಟ್ಟಲೆ ಮಾತಾಡುತ್ತಿದ್ದೆ. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರಲ್ಲಿ 17 ಮಂದಿ ಗುಂಡಿಗೆ ಬಲಿಯಾದ ನಂತರ ಹುಟ್ಟಿದ ಬಂದೂಕು ವಿರೋಧಿ ಚಳವಳಿಯಲ್ಲಿ ದುಡಿದ ಮ್ಯಾಕ್ಸ್‌ವೆಲ್ ಫ್ರಾಸ್ಟ್, 2022ರಲ್ಲಿ 25ನೆಯ ವಯಸ್ಸಿಗೆ ಫ್ಲೋರಿಡಾದಿಂದ ಸಂಸತ್ತಿಗೆ ಆಯ್ಕೆಯಾದರು. ಪ್ರಚಾರದ ದಿನಗಳಲ್ಲಿ ಊಬರ್ ಓಡಿಸಿ, ಸಾಲ ಮಾಡಿ ದಿನ ದೂಡಿದ್ದರಿಂದ ಅವರ ಕ್ರೆಡಿಟ್ ಸ್ಕೋರ್ ನೆಲಕಚ್ಚಿತ್ತು. ಗೆದ್ದು ವಾಷಿಂಗ್ಟನ್‌ಗೆ ಹೋದರೆ ಬಾಡಿಗೆ ಮನೆಯ ಅರ್ಜಿಯೇ ತಿರಸ್ಕೃತವಾಯಿತು. ಅವರಾದರೂ ಪೌರರು. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಟರ್ಕಿಯ ಸಂಶೋಧನಾ ವಿದ್ಯಾರ್ಥಿನಿ ಗಾಜಾ ಕುರಿತು ವಿದ್ಯಾರ್ಥಿ ಪತ್ರಿಕೆಯಲ್ಲಿ ಇತರ ಮೂವರೊಂದಿಗೆ ಒಂದು ಲೇಖನ ಬರೆದಿದ್ದಳು. 2025ರ ಮಾರ್ಚ್‌ನಲ್ಲಿ ಮುಸುಕುಧಾರಿ ಅಧಿಕಾರಿಗಳು ಅವಳನ್ನು ರಸ್ತೆಯಲ್ಲೇ ಹಿಡಿದು ಲೂಯಿಸಿಯಾನಕ್ಕೆ ಸಾಗಿಸಿದರು. ಆರು ವಾರಕ್ಕೂ ಹೆಚ್ಚು ಕಾಲ ಒಳಗಿದ್ದು, ನ್ಯಾಯಾಲಯದ ಆದೇಶದ ಮೇಲೆ ಹೊರಬಂದಳು.

ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ, ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವವರೆಲ್ಲ ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕೆಂದು ಹೇಳಿತು. ಆಗ ದಾವಣಗೆರೆಯಿಂದ ಭಾನುವಾರವಲ್ಲದ ದಿನ ಫೋನ್ ಬಂತು. “ಪುಟ್ಟೀ, ಇವಳು ಯಾವ್ದೋ ಮೆರವಣಿಗೆ ವಿಡಿಯೊಗೆ ಲೈಕ್ ಒತ್ತಿದ್ದಾಳಂತೆ. ಏಜೆಂಟ್ ತೆಗೆಸಿ ಅಂತಾನೆ. ತೆಗೆಸ್ಲಾ?” ಇವಳೆಂದರೆ ಚಿಕ್ಕಪ್ಪನ ಮಗಳು, ಎಂ.ಎಸ್.ಗೆ ಸೀಟು ಸಿಕ್ಕಿತ್ತು. ಫೋನಲ್ಲಿ ಕೂಗಿದರೆ ಏನೂ ಆಗುವುದಿಲ್ಲ ಎಂದು ವರ್ಷಗಟ್ಟಲೆ ನನಗೆ ಪಾಠ ಹೇಳಿದವರು, ಸದ್ದಿಲ್ಲದೆ ಒತ್ತಿದ ಒಂದು ಲೈಕಿಗೆ ನಡುಗುತ್ತಿದ್ದರು. ಅವಳನ್ನೇ ಕೇಳಿದಿರಾ ಎಂದೆ. ಕೇಳಿರಲಿಲ್ಲ. ಏಜೆಂಟನನ್ನು ಕೇಳಿದ್ದರು, ಬ್ಯಾಂಕಿನವರನ್ನು ಕೇಳಿದ್ದರು, ನನ್ನನ್ನು ಕೇಳಿದರು.

ಅವಳಿಗೆ ವೀಸಾ ಸಿಕ್ಕಿತು, ಈಗ ಇಲ್ಲಿಯೇ ಓದುತ್ತಿದ್ದಾಳೆ. ಇಲ್ಲಿಯೇ ಹುಟ್ಟಿದ ನನ್ನ ಮಗ ಮೆರವಣಿಗೆಗೆ ಹೋಗಿ ಬಂದು, ತನ್ನ ಚಿತ್ರವನ್ನೂ ಹೆಸರನ್ನೂ ಧಾರಾಳವಾಗಿ ಹಾಕಿಕೊಳ್ಳುತ್ತಾನೆ. ಅದೇ ಊಟದ ಮೇಜಿನ ಆಚೆ ಬದಿಗೆ ಕೂತ ಅವಳು ಅವನಿಗಿಂತ ಹೆಚ್ಚು ಓದಿಕೊಂಡಿದ್ದಾಳೆ, ಅವನ ವಾದದ ತಪ್ಪುಗಳನ್ನು ಅಂಕಿಅಂಶ ಸಮೇತ ತಿದ್ದುತ್ತಾಳೆ, ಆದರೆ ಒಂದಕ್ಷರ ಬರೆಯುವುದಿಲ್ಲ. ನೀವೆಲ್ಲ ಕೇಳುವ ಪ್ರಶ್ನೆಗೆ ನನಗಿಂತ ಚೆನ್ನಾದ ಉತ್ತರ ಅವಳ ಬಳಿಯಿದೆ. ನನ್ನ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇರುವುದರಿಂದ ಇದನ್ನು ನಾನು ಬರೆಯಬೇಕಾಯಿತು.