ರೋಮ್‌ನ ಪಕ್ಕದ ಹಸಿರು ಪಟ್ಟಿ

ನಾನು ಜಿಐಎಸ್ ನಕ್ಷೆ, ಅಂದರೆ ಜಾಗದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಕೂಡಿಸಿದ ನಕ್ಷೆ ಮಾಡುವವನು. ರಸ್ತೆ, ಕಾಲುವೆ, ಜಮೀನಿನ ಗಡಿ, ದಿನವಿಡೀ ಇದೇ ಕೆಲಸ. ಒಮ್ಮೆ ಮಾತ್ರ ಬೇರೆ ಥರದ್ದು ಬಂತು: ಎರಡು ಸಾವಿರ ವರ್ಷದ ಹಿಂದೆ ಇಟಲಿಯಲ್ಲಿ ಮಲೇರಿಯಾ ಎಲ್ಲೆಲ್ಲಿ ಕಾಡಿರಬಹುದು ಅಂತ ತೋರಿಸುವ ನಕ್ಷೆ.

ಎಂದಿನಂತೆಯೇ ಶುರು ಮಾಡಿದೆ. ಎತ್ತರ, ಇಳಿಜಾರು, ಉಷ್ಣತೆ, ಭೂಬಳಕೆ, ಹೀಗೆ ಒಂದರ ಮೇಲೊಂದು ಹಾಸುವ ಮಾಹಿತಿಯ ಪದರಗಳೇ ಲೇಯರ್. ಎಲ್ಲ ಲೇಯರ್‌ಗಳಿಗೂ ಅಂಕ ಕೊಟ್ಟು ಕೂಡಿಸಿದೆ. ಅಪಾಯ ಇದ್ದಲ್ಲಿ ಕೆಂಪು, ಇಲ್ಲದಲ್ಲಿ ಹಸಿರು. ತಂಡದಲ್ಲಿದ್ದ ಇತಿಹಾಸದ ಮೇಡಂ ಪರದೆ ನೋಡುತ್ತಾ ರೋಮ್‌ನ ಆಗ್ನೇಯಕ್ಕೆ ಬೆರಳಿಟ್ಟರು. "ಇದು ಹೇಗಪ್ಪಾ ಹಸಿರಾಯ್ತು?"

ಅದು ಪಾಂಟೈನ್ ಜೌಗು. ಶತಮಾನಗಟ್ಟಲೆ ಚಳಿಜ್ವರಕ್ಕೆ ಹೆಸರಾಗಿದ್ದ ನೆಲ. 1930ರ ದಶಕದಲ್ಲಿ ಕಾಲುವೆ ತೋಡಿ, ಪಂಪ್ ಇಟ್ಟು ಅದನ್ನು ಬತ್ತಿಸಿದರು. ಇವತ್ತಿನ ಲತೀನಾ ನಗರ ಹುಟ್ಟಿದ್ದು 1932ರಲ್ಲಿ, ಅಲ್ಲೇ. ನಾನು ಹಾಕಿದ್ದ ಭೂಬಳಕೆ ಲೇಯರ್ ಈಗಿನದು. ಅದರ ಪ್ರಕಾರ ಅಲ್ಲಿರುವುದು ಹೊಲಗದ್ದೆ. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು, ಅದಕ್ಕೇ ನನಗೆ ಅನುಮಾನವೂ ಬಂದಿರಲಿಲ್ಲ. ಅವತ್ತಿನಿಂದ ಪ್ರತಿ ಲೇಯರ್‌ನ ಹೆಸರಲ್ಲೂ ಇಸವಿ ಬರೆಯುತ್ತೇನೆ.

ಹಳೇ ನಕ್ಷೆಗಳಿಂದ ಜೌಗಿನ ಗಡಿ ಎತ್ತಿಕೊಂಡು, ಜೌಗು ಕಂಡಲ್ಲೆಲ್ಲ ಕೆಂಪು ಹಚ್ಚಿದೆ. ಈಗ ಈಶಾನ್ಯದ ರವೆನ್ನಾ ಕೆಂಪಾಯಿತು. ಮೇಡಂ ಮತ್ತೆ ತಡೆದರು. ರವೆನ್ನಾ ಜೌಗಿನ ನಡುವೆಯೇ ಇದ್ದರೂ ಆರೋಗ್ಯದ ಊರು ಅಂತ ಆ ಕಾಲದ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ ಬರೆದಿದ್ದಾನೆ. ಸಮುದ್ರದ ಉಬ್ಬರವಿಳಿತ ಕೊಳೆಯನ್ನೆಲ್ಲ ತೊಳೆದುಕೊಂಡು ಹೋಗುತ್ತಿತ್ತಂತೆ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಇನ್ನೂ ಬಿಡಿಸಿ ಹೇಳುತ್ತಾನೆ: ರವೆನ್ನಾ ಕಡೆಯ ಜೌಗಿಗೆ ಉಪ್ಪುನೀರು ನುಗ್ಗುತ್ತದೆ, ಪಾಂಟೈನ್‌ನಲ್ಲಿ ನೀರಿಗೆ ಹೊರದಾರಿಯಿಲ್ಲ, ನಿಂತಲ್ಲೇ ಕೊಳೆಯುತ್ತದೆ. ಸೊಳ್ಳೆಯ ಪಾತ್ರ ತಿಳಿಯದ ಕಾಲದಲ್ಲಿ ಇಷ್ಟು ಗಮನಿಸಿದ್ದರಲ್ಲ! ನನ್ನ ನಕ್ಷೆಗೆ ನೀರು ಎಲ್ಲಿದೆ ಅಂತ ಗೊತ್ತಿತ್ತು, ಅದು ನಿಂತಿದೆಯೋ ಹರಿಯುತ್ತಿದೆಯೋ ಗೊತ್ತಿರಲಿಲ್ಲ. ಆ ಲೇಯರ್ ಕಟ್ಟುವುದಕ್ಕೇ ಹೆಚ್ಚು ದಿನ ಹಿಡಿಯಿತು.

ನಕ್ಷೆಯನ್ನು ತಾಳೆ ನೋಡಲು ಮೂಳೆಗಳ ಪುರಾವೆ ಬಹಳ ಕಮ್ಮಿ. ದಕ್ಷಿಣ ಇಟಲಿಯ ವೆಲಿಯಾ, ವಾಞ್ಞಾರಿಗಳಲ್ಲಿ ಸಿಕ್ಕ ಹಲ್ಲುಗಳಲ್ಲಿ ಮಲೇರಿಯಾ ಪರಾವಲಂಬಿಯ ಡಿಎನ್ಎ ಸಿಕ್ಕಿದೆ. ರೋಮ್‌ನ ಉತ್ತರಕ್ಕೆ, ಲುಞ್ಞಾನೋ ಬಳಿ 5ನೇ ಶತಮಾನದ ಮಕ್ಕಳ ಸ್ಮಶಾನವೊಂದಿದೆ. ಅಲ್ಲಿ ಸುಮಾರು ಮೂರು ವರ್ಷದ ಮಗುವಿನ ಮೂಳೆಯಲ್ಲೂ ಸಿಕ್ಕಿದೆ. ಮೂರು ಕಪ್ಪು ಚುಕ್ಕೆ ಇಟ್ಟೆವು. ಲುಞ್ಞಾನೋದ ಚುಕ್ಕೆ ಇಡುವಾಗ ಮೇಡಂ, "ಝೂಮ್ ಮಾಡಿ ಇಡು, ನದಿಯ ಮೇಲೆ ಬೀಳೋದು ಬೇಡ" ಅಂದರು. ಗುಡ್ಡದ ಮೇಲೆ, ಸ್ಮಶಾನ ಇರುವ ಜಾಗಕ್ಕೇ ಸರಿಯಾಗಿ ಇಟ್ಟೆ.